ಬುಖಾರಾದ ಖಾಲಿ ಮೊಳೆ

ಫ್ರೀಜರಿನ ಬಾಗಿಲು ತೆಗೆದಾಗ ತೆಂಗಿನತುರಿಯ ಪೊಟ್ಟಣಗಳ ಹಿಂದೆ ಆ ರೊಟ್ಟಿ ಇನ್ನೂ ಇತ್ತು. ಇರದೆ ಇನ್ನೆಲ್ಲಿಗೆ ಹೋಗುತ್ತದೆ ಎಂದು ಆನಂದತೀರ್ಥ ತನ್ನನ್ನೇ ಹಂಗಿಸಿಕೊಂಡ. ಮೂರು ತಿಂಗಳಿಂದ ದಿನಕ್ಕೊಂದು ಸಲ ಏನಾದರೂ ನೆಪ ಹೂಡಿ ಈ ಬಾಗಿಲು ತೆಗೆಯುವುದು, ಅದು ತಾನಾಗಿಯೇ ಮಾಯವಾಗಿದೆಯೇ ಎಂದು ನೋಡುವುದು, ಮುಚ್ಚುವುದು. ಐವತ್ತೆಂಟು ವರ್ಷದ, ಕಂಪ್ಯೂಟರ್ ಚಿಪ್‌ಗಳೊಳಗಿನ ಕೂದಲೆಳೆಯಂಥ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಗಂಡಸಿನ ದಿನಚರಿ ಇದು. ಹೂವಿನ ಅಚ್ಚಿನ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ, ಅದರ ಮೇಲೆ ಹೆಂಡತಿ ಶೈಲಜಾ ಒಂದು ಪ್ಲಾಸ್ಟಿಕ್ ಚೀಲ ಏರಿಸಿದ್ದ, ಊಟದ ತಟ್ಟೆಯಷ್ಟು ಅಗಲದ ರೊಟ್ಟಿ. ಕೈಗೆ ತೆಗೆದುಕೊಂಡರೆ ಚಪ್ಪಡಿಕಲ್ಲಿನ ತುಂಡಿನ ಹಾಗಿತ್ತು.

"ಇವತ್ತಾದ್ರೂ ಅದಕ್ಕೊಂದು ಗತಿ ಕಾಣಿಸ್ತೀರೋ ಇಲ್ವೋ?" ಎಂದಳು ಹಿಂದೆ ನಿಂತಿದ್ದ ಶೈಲಜಾ. "ನಾಳೆ ಬೆಳಿಗ್ಗೆ ಗುರುಕಿರಣನ ಫ್ಲೈಟು. ಆಮೇಲೆ ಆ ಕಡೆ ಹೋಗೋರು ಯಾರೂ ಇಲ್ಲ."

"ಹೊರಟಿದೀನಲ್ಲ."

"ಮೂರು ತಿಂಗಳಿಂದ ಹೊರಟೇ ಇದೀರ. ಗಿಲ್‌ರಾಯ್ ಏನು ಚಂದ್ರಲೋಕದಲ್ಲಿದ್ಯಾ? ಆ ಹುಡುಗನ ಅಂಗಡೀಗೆ ಹೋಗಿ, ನಿಮ್ಮಮ್ಮ ಕಳಿಸಿದಾಳೆ, ಒಂದು ತುತ್ತು ಕಚ್ಚಿ ಕೊಡಪ್ಪಾ ಅಂದ್ರೆ ಮುಗೀತು. ಮೂರು ಗಂಟೆಗೆ ಕನ್ನಡ ಕೂಟದ ಪ್ರೋಗ್ರಾಮು ಬೇರೆ. ನಾನು ಹೇಮಶ್ರೀ ಕಾರಲ್ಲಿ ಬರ್ತೀನಿ. ನೀವು ಅಲ್ಲಿಂದ ಸೀದಾ ಮೌಂಟನ್ ವ್ಯೂಗೆ ಬನ್ನಿ. ಶರ್ಟು ಸುಕ್ಕು ಮಾಡ್ಕೋಬೇಡಿ."

ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಪ್ರವಾಸ ಹೋದಾಗ ಬುಖಾರಾದಲ್ಲಿ ಇವರು ನಾಲ್ಕು ರಾತ್ರಿ ಇಳಿದುಕೊಂಡಿದ್ದ ಮನೆಯೊಡತಿ ಮತ್ಲೂಬಾಳ ಮಗ ಗಿಲ್‌ರಾಯ್‌ನಲ್ಲಿ ಸೂಟ್‌ಕೇಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಆ ಊರಿನಲ್ಲಿ ಮನೆಯಿಂದ ದೂರ ಹೊರಟವನು ಒಂದು ರೊಟ್ಟಿಯನ್ನು ಒಂದೇ ಒಂದು ಸಲ ಕಚ್ಚಿ ಹೋಗುತ್ತಾನೆ. ಉಳಿದದ್ದನ್ನು ಮನೆಯವರು ಗೋಡೆಗೆ ತೂಗುಹಾಕಿ, ಅವನು ಬಂದು ಪೂರ್ತಿ ತಿನ್ನುವ ತನಕ ಕಾಯುತ್ತಾರೆ. ಆ ಮಗ ಕಚ್ಚಿಟ್ಟು ಹೋಗಿದ್ದ ರೊಟ್ಟಿ ಹಾಳಾಯಿತಂತೆ, ಹೊಸದನ್ನು ಕಚ್ಚಿಸಿ ವಾಪಸ್ ಕಳಿಸಬೇಕಂತೆ. ಹಾಳಾಯಿತಂತೆ ಎಂದು ಹೇಳಿದವನು ಆನಂದತೀರ್ಥ. ಹೇಗೆ ಹಾಳಾಯಿತು, ಯಾರು ಹಾಳುಮಾಡಿದರು ಎನ್ನುವುದನ್ನು ಆ ಒಂದು 'ಅಂತೆ' ನುಂಗಿ ನೀರು ಕುಡಿದಿತ್ತು.

ಕ್ಯಾಂಪ್‌ಬೆಲ್ ದಾಟಿ ಫ್ರೀವೇ ಹತ್ತಿ ದಕ್ಷಿಣಕ್ಕೆ ತಿರುಗಿದ. ಪಕ್ಕದ ಸೀಟಿನಲ್ಲಿ ರೊಟ್ಟಿ. ಅದರ ಭಾರಕ್ಕೆ ಕಾರು ಸೀಟ್ ಬೆಲ್ಟ್ ಹಾಕೆಂದು ಕುಂಯ್‌ಗುಡತೊಡಗಿತು. ಬೆಲ್ಟ್ ಎಳೆದು ರೊಟ್ಟಿಗೆ ಹಾಕಿದ. ಮಧ್ಯಾಹ್ನದ ಭಾಷಣದ ಮೊದಲ ವಾಕ್ಯ ತಾನೇ ತಾನಾಗಿ ನಾಲಗೆಗೆ ಬಂತು: 'ಅಂದಿನ ಬುಖಾರಾ ಎಂದರೆ ಇಂದಿನ ನಮ್ಮ ಸಿಲಿಕಾನ್ ವ್ಯಾಲಿಯೇ ಸರಿ.' ಚಪ್ಪಾಳೆ ಬೀಳುವ ವಾಕ್ಯ. ಅದಕ್ಕಾಗಿಯೇ ಬರೆದದ್ದು. ಒಂಟೆಯ ಮೇಲೆ ಆರು ತಿಂಗಳು ಮರಳು ತಿಂದು ಬಂದವನಿಗೂ, ಕಂಪನಿಯ ಶಟಲ್ ಬಸ್ಸಿನಲ್ಲಿ ಓಟ್ಸ್ ತಿನ್ನುತ್ತಾ ಹೋಗುವವನಿಗೂ ನೆಂಟಸ್ತಿಕೆ ಕಟ್ಟಿದರೆ ಸಭೆಯ ಬೆನ್ನು ನೆಟ್ಟಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತಮ್ಮ ಮಾರ್ಟ್‌ಗೇಜ್ ಸಾಲಕ್ಕೆ ಯಾರಾದರೂ ಚರಿತ್ರೆಯ ಜರಿ ಅಂಚು ಹೊಲಿದುಕೊಡಲಿ ಎಂದು ಬಾಯಿ ತೆರೆದು ಕೂತಿರುವ ಜನ. ಅವರ ದರ್ಜಿ ಇವನು. ಗುರುಕಿರಣ್ ಅಂತೂ ವಾಟ್ಸ್ಆ್ಯಪ್ಪಿನಲ್ಲಿ ವಾರದಿಂದ ಒಂದೇ ಚಿತ್ರ ಹಾಕುತ್ತಿದ್ದ. ಮತ್ಲೂಬಾ ಅಂಗಳದಲ್ಲಿ ನಿಂತಿದ್ದಾಳೆ, ಕಣ್ಣು ತುಂಬಿದೆ. ಕೆಳಗೆ ಕೆಂಪಕ್ಷರದಲ್ಲಿ, 'ಕನ್ನಡಿಗರನ್ನು ಬೀಳ್ಕೊಡುವಾಗ ಬುಖಾರಾದ ತಾಯಿಯ ಕಣ್ಣೀರು! ಎರಡನೇ ಬ್ಯಾಚು ಸೋಮವಾರ!' ಮಂಡ್ಯದ ಹುಡುಗ, ವಾರದ ದಿನಗಳಲ್ಲಿ ಆಫೀಸು, ಬಿಡುವಿನಲ್ಲಿ ಟೂರು ನಡೆಸುವವನು. ಆ ಚಿತ್ರಕ್ಕೆ ನೂರಾ ಹನ್ನೆರಡು ಜನ ಕೈಮುಗಿದಿದ್ದರು. ಆನಂದತೀರ್ಥನೂ ಮುಗಿದಿದ್ದ.

ಹದಿನಾಲ್ಕು ಜನ ಹೋಗಿದ್ದರು. ಹದಿನಾಲ್ಕು ಜನ, ಮೂರು ಅನ್ನದ ಕುಕ್ಕರು, ಪುಳಿಯೋಗರೆ ಗೊಜ್ಜಿನ ಡಬ್ಬಗಳು, ಒಂದು ಮೂಟೆ ಸೋನಾ ಮಸೂರಿ. ಪರ್ಷಿಯನ್ನರೂ ಯಹೂದಿಗಳೂ ಚೀನೀಯರೂ ತುರ್ಕರೂ ಸಾವಿರ ವರ್ಷ ಒಬ್ಬರ ತಟ್ಟೆಗೆ ಒಬ್ಬರು ಕೈಹಾಕಿ ಕಟ್ಟಿದ ಊರುಗಳಿಗೆ ಹೋಗಿ, ಅಲ್ಲಿಯ ಒಂದು ಅಗುಳೂ ಬಾಯಿಗೆ ಬೀಳದ ಹಾಗೆ ಒಂಬತ್ತು ದಿನ ಬದುಕಿ ಬಂದಿದ್ದರು. ಮೊದಲ ರಾತ್ರಿಯೇ ಮೂರು ಕುಕ್ಕರು ಒಟ್ಟಿಗೆ ಹಚ್ಚಿ ಮತ್ಲೂಬಾಳ ಓಣಿಯ ಕರೆಂಟು ಹಾರಿಸಿದ್ದರು. ಪಕ್ಕದ ಮನೆಯ ತಾತಾರ್ ದರ್ಜಿ ಟಾರ್ಚು ಹಿಡಿದು ಬಂದು ಫ್ಯೂಸು ಕಟ್ಟಿಕೊಟ್ಟ. ಅವನಿಗೆ ಒಂದು ಹಿಡಿ ಪುಳಿಯೋಗರೆ ಕೊಟ್ಟು, ಅವನು ಕೆಮ್ಮಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಮರುದಿನ ಗೈಡು ಒಂದು ಬೋಳು ಜಾಗ ತೋರಿಸಿದ. ತಾಷ್ಕೆಂಟಿನಲ್ಲಿ ಹಿಂದಿ ಓದಿದ ಹುಡುಗ, ಇವರಿಗಿಂತ ಚೆನ್ನಾಗಿ ಮಾತಾಡುತ್ತಿದ್ದ. ಇಲ್ಲಿ ಹಿಂದೂಗಳ ಸರಾಯ್, ಅಂದರೆ ಛತ್ರ, ಇತ್ತು ಎಂದ. ಮುಲ್ತಾನಿನ ಕಡೆಯ ವ್ಯಾಪಾರಿಗಳು. ಇಲ್ಲೇ ಇರುತ್ತಿದ್ದರು, ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು, ಯಾರ ಮನೆಯಲ್ಲೂ ಉಣ್ಣುತ್ತಿರಲಿಲ್ಲ. "ನಮ್ಮೋರೇ ಸಾರ್!" ಎಂದು ಗುರುಕಿರಣ್ ಕೂಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ಹೊಡೆದ. ಅವರದ್ದು ಈಗ ಏನು ಉಳಿದಿದೆ ಎಂದು ಶೈಲಜಾ ಕೇಳಿದಳು. ಗೈಡು ಸುತ್ತ ಒಮ್ಮೆ ನೋಡಿ, "ಏನೂ ಇಲ್ಲ, ದೀದಿ" ಎಂದ. ಅದನ್ನೂ ಭಾಷಣದಲ್ಲಿ ಸೇರಿಸಬೇಕೆಂದು ಆನಂದತೀರ್ಥ ಆಗ ಗುರುತು ಮಾಡಿಕೊಂಡಿದ್ದ, ಆಮೇಲೆ ಬಿಟ್ಟಿದ್ದ. ಚಪ್ಪಾಳೆ ಬೀಳುವ ಮಾತಲ್ಲ ಅದು.

ಮತ್ಲೂಬಾ ಮಾರುಕಟ್ಟೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು, ದರ್ಜಿಯ ಜೊತೆ ರಷ್ಯನ್ ಮಾತಾಡುತ್ತಿದ್ದಳು. ಎಡಗಡೆಯ ಮನೆಯ ಯಹೂದಿಗಳು ಊರು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವರ ಬೀಗದ ಕೈ ಇನ್ನೂ ಇವಳ ಸೊಂಟದಲ್ಲಿತ್ತು. ತಿಂಗಳಿಗೊಮ್ಮೆ ಬಾಗಿಲು ತೆಗೆದು ಗುಡಿಸಿ ಬರುತ್ತಿದ್ದಳಂತೆ. ಹೋದವರ ಸಾಮಾನು ಕಾಯುವುದೇ ಅವಳ ಕಸುಬು. ಇವರಿಬ್ಬರಿಗೆಂದು ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಳು. ಆ ಕೋಣೆಯ ಪೂರ್ವದ ಗೋಡೆಯ ಮೇಲೆ, ಒಂದು ಮೊಳೆಗೆ, ದಾರದಲ್ಲಿ ಆ ರೊಟ್ಟಿ ನೇತಾಡುತ್ತಿತ್ತು. ಒಣಗಿ ಬಣ್ಣ ಹೋದದ್ದು, ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದ್ದು. ಅಷ್ಟು ಹೊತ್ತಿಗೆ ಗೈಡು ಆ ಪದ್ಧತಿಯನ್ನು ವಿವರಿಸಿರಲಿಲ್ಲ. ಅಥವಾ ವಿವರಿಸಿದ್ದನೋ ಏನೋ. ಆ ಹೊತ್ತಿನಲ್ಲಿ ಇವರೆಲ್ಲ ಮೊಸರು ಎಲ್ಲಿ ಸಿಗುತ್ತದೆಂದು ಮಾತಾಡುತ್ತಿದ್ದರು.

ಹೊಲಗಳು ಶುರುವಾದವು. ಎ.ಸಿ.ಯ ತೂತುಗಳಿಂದಲೇ ಬೆಳ್ಳುಳ್ಳಿಯ ವಾಸನೆ ಕಾರಿನೊಳಗೆ ಬಂತು. ಗಿಲ್‌ರಾಯ್ ಬಂದರೆ ಮೂಗು ಮುಚ್ಚಿಕೊಳ್ಳುವುದು ಅವನ ಮೂವತ್ತು ವರ್ಷದ ಅಭ್ಯಾಸ. ಮೂಗಿಗೆ ಕೈ ಹೋದದ್ದನ್ನು ತಾನೇ ನೋಡಿಕೊಂಡ. ನಾಲ್ಕು ದಿನ ಬೆಳಿಗ್ಗೆ ಆ ಗೋಡೆಯ ಮುಂದೆಯೂ ಅವನ ಕೈ ಹೀಗೇ ಮೂಗಿನ ಮೇಲಿತ್ತು. ಸಂಧ್ಯಾವಂದನೆಯ ಪ್ರಾಣಾಯಾಮ. ಪೂರ್ವಕ್ಕೆ ಮುಖ ಮಾಡಿ ಕೂತರೆ ಎದುರಿಗೇ ಯಾರದೋ ಎಂಜಲು. ಕಣ್ಣು ಮುಚ್ಚಿದರೂ ಅದೇ, ಹಲ್ಲಿನ ಗುರುತುಗಳ ಸಮೇತ. ಐದನೆಯ ದಿನ, ಹೊರಡುವ ಬೆಳಿಗ್ಗೆ, ಶೈಲಜಾ ಕೊನೆಯ ಶಾಲು ಕೊಳ್ಳಲು ಅಂಗಡಿ ಬೀದಿಗೆ ಹೋಗಿದ್ದಾಗ, ಅವನು ಕೋಣೆ ಗುಡಿಸಿದ. ಉಂಡ ಜಾಗ ತಾನೇ ಶುದ್ಧ ಮಾಡಿ ಏಳಬೇಕು, ನಮ್ಮ ಎಂಜಲನ್ನು ಮತ್ತೊಬ್ಬರು ಮುಟ್ಟುವಂತಾಗಬಾರದು ಎಂದು ಎಂಟನೆಯ ವಯಸ್ಸಿನಲ್ಲಿ ಕಲಿತದ್ದು. ಉಪ್ಪಿಟ್ಟಿನ ಪೊಟ್ಟಣಗಳು, ಬಾಳೆಹಣ್ಣಿನ ಸಿಪ್ಪೆ, ಎಲ್ಲ ಒಂದು ಚೀಲಕ್ಕೆ ತುಂಬಿದ. ಆಮೇಲೆ ಎರಡು ಬೆರಳಿಗೆ ಟಿಶ್ಯೂ ಸುತ್ತಿಕೊಂಡು ಆ ರೊಟ್ಟಿಯನ್ನು ಮೊಳೆಯಿಂದ ಬಿಡಿಸಿ ಅದೇ ಚೀಲಕ್ಕೆ ಹಾಕಿದ. ಓಣಿಯ ತುದಿಯ ತೊಟ್ಟಿಗೆ ಎಸೆದು ಬಂದು ಕೈ ತೊಳೆದ. ಎರಡು ಸಲ ತೊಳೆದ. ಶುಚಿ ಮಾಡಿದೆ ಎಂಬ ಹೆಮ್ಮೆ ಆಮೇಲೆ ಹಚ್ಚಿಕೊಂಡ ಬಣ್ಣ. ಆ ಕ್ಷಣ ಇದ್ದದ್ದು ಬರೀ ಹೇಸಿಗೆ, ಮತ್ತು ಹೇಸಿಗೆ ತೀರಿದ ಸುಖ.

ಚಹಾ ತಂದ ಮತ್ಲೂಬಾ ಗೋಡೆ ನೋಡಿದಳು. ಹತ್ತಿರ ಹೋಗಿ, ರೊಟ್ಟಿ ಅಲ್ಲೇ ಇದೆ, ತನ್ನ ಕಣ್ಣೇ ಮಂಜಾಗಿದೆ ಎನ್ನುವ ಹಾಗೆ ಮೊಳೆಯ ಸುತ್ತ ಕೈಯಾಡಿಸಿದಳು. ಗೈಡನ್ನು ಕರೆಸಿ ಕೇಳಿಸಿದಾಗ ಆನಂದತೀರ್ಥ "ಕ್ಲೀನ್ ಮಾಡಿದೆ" ಎಂದ, ನಗುತ್ತಲೇ ಎಂದ. ಗೈಡಿನ ಮುಖ ನೋಡುತ್ತಾ ನೋಡುತ್ತಾ ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂವರೂ ತೊಟ್ಟಿಗೆ ಓಡಿದರು. ಕಸದ ಲಾರಿ ಬಂದು ಹೋಗಿತ್ತು. ಮತ್ಲೂಬಾ ವಾಪಸು ಬಂದು, ಹಿಟ್ಟು ತೆಗೆದು, ಅಂಗಳದ ಒಲೆಯಲ್ಲಿ ಹೊಸ ರೊಟ್ಟಿ ಸುಟ್ಟು, ಬಿಸಿಬಿಸಿಯಾಗಿ ಬಟ್ಟೆಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟಳು. ಮಗನ ವಿಳಾಸ ಬರೆಸಿಕೊಟ್ಟಳು. ಬೈದಿದ್ದರೆ ಲೆಕ್ಕ ಅಲ್ಲಿಗೇ ತೀರುತ್ತಿತ್ತು. ಅಷ್ಟರಲ್ಲಿ ವ್ಯಾನು ಬಂತು, ಗುರುಕಿರಣ್ ಇಳಿದ, ಅವಳ ಕಣ್ಣು ನೋಡಿದ. "ಎಷ್ಟು ಹಚ್ಕೊಂಡ್‌ಬಿಟ್ಟವ್ರೆ ನೋಡಿ ಸಾರ್ ನಮ್ಮುನ್ನ!" ಎಂದು ಫೋಟೋ ತೆಗೆದ. ಆನಂದತೀರ್ಥ ಅವನನ್ನು ತಿದ್ದದೆ ವ್ಯಾನು ಹತ್ತಿದ. ಗೈಡು ಅಂದಿನಿಂದ ಅವನೊಬ್ಬನ ಜೊತೆ ಹಿಂದಿ ಬಿಟ್ಟು ಇಂಗ್ಲಿಷಿನಲ್ಲಿ ಮಾತಾಡಿದ.

ಗಿಲ್‌ರಾಯ್‌ನ ಸೂಟ್‌ಕೇಸ್ ಅಂಗಡಿ ಒಂದು ಸಾಲಿನ ಮೂಲೆಯಲ್ಲಿತ್ತು. ಒಳಗೆ ಸೂಟ್‌ಕೇಸುಗಳು ಎತ್ತರಕ್ಕೆ ತಕ್ಕ ಹಾಗೆ ಸಾಲಾಗಿ ನಿಂತಿದ್ದವು. ಶಾನ್ ಎಂದು ಎದೆಯ ಮೇಲೆ ಚೀಟಿ ಅಂಟಿಸಿಕೊಂಡ, ಇಪ್ಪತ್ತಾರರ ಆಸುಪಾಸಿನ ಯುವಕ ನಗುತ್ತ ಬಂದ. ಮತ್ಲೂಬಾಳ ಹುಬ್ಬು.

"ಇಂಡಿಯಾಗಾ, ಅಂಕಲ್? ಇಪ್ಪತ್ತಮೂರು ಕಿಲೋದ್ದು ಎರಡಾ?"

"ಶೇರ್ಜೋದ್?" ಎಂದು ವಿಳಾಸದ ಚೀಟಿಯಲ್ಲಿದ್ದ ಹೆಸರು ಹಿಡಿದು ಕೇಳಿದ ಆನಂದತೀರ್ಥ. "ನಾನು ಬುಖಾರಾದಿಂದ. ಅಂದರೆ, ನಿಮ್ಮ ತಾಯಿ..." ಚೀಲ ಬಿಚ್ಚಿ, ಬಟ್ಟೆಯ ಗಂಟು ಬಿಚ್ಚಿ, ರೊಟ್ಟಿಯನ್ನು ಒಂದು ಕೆಂಪು ಸೂಟ್‌ಕೇಸಿನ ಮೇಲಿಟ್ಟ. ಅದಾಗಲೇ ಮಂಜು ಬಿಟ್ಟು ಬೆವರುತ್ತಿತ್ತು. ಅವರಲ್ಲಿ ಕೂಡದು ಎಂದು ತಿಳಿಯದೆ ಬೋರಲಾಗಿ ಇಟ್ಟಿದ್ದ. ಶೇರ್ಜೋದ್ ಏನನ್ನೂ ಕೇಳುವ ಮೊದಲು, ಯೋಚಿಸುವುದಕ್ಕೂ ಮೊದಲು ಅನ್ನಬೇಕು, ಕೈ ಚಾಚಿ ಅದನ್ನು ನಡುವೆ ಒತ್ತಿದ್ದ ಅಚ್ಚು ಮೇಲಾಗುವಂತೆ ತಿರುಗಿಸಿಟ್ಟ.

"ಅಮ್ಮ ಹುಷಾರಾಗಿದಾಳಾ?"

"ಇದ್ದಾರೆ. ನೀನು ಕಚ್ಚಿಟ್ಟಿದ್ದ ರೊಟ್ಟಿ..." ಹಾಳಾಯಿತಂತೆ ಎಂಬ ಮಾತು ತುಟಿಯ ತನಕ ಬಂತು. "ನಾನು ಎಸೆದೆ. ಕಸ ಅಂದುಕೊಂಡು. ಇದನ್ನ ನೀನು ಒಂದು ಸಲ ಕಚ್ಚಿ ಕೊಟ್ಟರೆ ನಾಳೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ."

ಹುಡುಗ ನಕ್ಕ. ಸೂಟ್‌ಕೇಸಿನ ಹಿಡಿ ಮೇಲೆಳೆದ, ಒತ್ತಿದ, ಮತ್ತೆ ಎಳೆದ. "ಏಳು ವರ್ಷ, ಅಂಕಲ್. ಪ್ರತಿ ಭಾನುವಾರ ವಿಡಿಯೋದಲ್ಲಿ ಅವಳ ತಲೆ ಹಿಂದೆ ಆ ರೊಟ್ಟಿ ಕಾಣಿಸ್ತಿತ್ತು. ಮೊದಲು ಅದು, ಆಮೇಲೆ ಅವಳ ಮುಖ. ಮೂರು ತಿಂಗಳಿಂದ ಅಡುಗೆಮನೇಲಿ ಕೂತು ಮಾತಾಡ್ತಾಳೆ. ನಾನು ಅಂದ್ಕೊಂಡೆ, ಅವಳೇ ಕೆಳಗಿಳಿಸಿದಳು, ನನ್ನ ಬಿಟ್ಟುಕೊಟ್ಟಳು ಅಂತ. ಆ ವಾರ ನಾನು ಎಷ್ಟು ಚೆನ್ನಾಗಿ ನಿದ್ದೆ ಮಾಡಿದೆ ಗೊತ್ತಾ ನಿಮಗೆ?"

ಆನಂದತೀರ್ಥನಿಗೆ ಗೊತ್ತಿರಲಿಲ್ಲ. ಒಪ್ಪಿಕೊಂಡರೆ ಹಗುರಾಗುತ್ತದೆ ಎಂದು ಮೂರು ತಿಂಗಳು ಕಾಪಾಡಿಕೊಂಡು ಬಂದದ್ದನ್ನು ತಂದು ಇವನ ತಲೆಗೆ ಹೊರಿಸಿದ್ದೇನೆ ಎಂದಷ್ಟೇ ಅನ್ನಿಸಿತು.

"ಒಂದೇ ಒಂದು ಸಲ," ಎಂದ. "ನಿಮ್ಮ ತಾಯಿಗೋಸ್ಕರ."

"ಅವಳಿಗೋಸ್ಕರವಾ, ನಿಮಗೋಸ್ಕರವಾ? ನಾನು ವಾಪಸ್ ಹೋಗಲ್ಲ, ಅಂಕಲ್. ಹತ್ತೊಂಬತ್ತಕ್ಕೆ ಕಚ್ಚಿದಾಗ ಹೋಗ್ತೀನಿ ಅಂತಲೇ ಕಚ್ಚಿದ್ದೆ. ಈಗ ಕಚ್ಚಿದರೆ ಬಾಯ್ತುಂಬ ಸುಳ್ಳು." ಬಾಗಿಲಲ್ಲಿ ಒಂದು ಸಂಸಾರ ಒಳಗೆ ಬಂತು, ಅಜ್ಜಿ, ತಳ್ಳುಗಾಡಿಯಲ್ಲಿ ಮಗು. ಶೇರ್ಜೋದ್ ಅವರ ಕಡೆಗೊಮ್ಮೆ ಕೈಯೆತ್ತಿ, ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ತಾಯಿ ಹಾಕಿದ್ದ ಹಾಗೇ ಗಂಟು ಹಾಕಿದ. ಕೊಡುವ ಮುನ್ನ ಒಂದು ಗಳಿಗೆ ಹಣೆಗೆ ಒತ್ತಿಕೊಂಡ. ಒತ್ತಿಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದವನಂತೆ ಇವನ ಎದೆಗೆ ಅದನ್ನು ತಳ್ಳಿದ. "ಗೋಡೆ ಮೇಲೆ ಒಂದು ಗುರುತು ಬೇಕು ಅಷ್ಟೇ ಅಂದ್ರೆ, ನಿಮಗೆ ಹಲ್ಲಿಲ್ವಾ?" ಎಂದು ಮತ್ತೆ ಶಾನ್ ಆಗಿ ಅಜ್ಜಿಯ ಕಡೆ ಹೊರಟ.

ಉತ್ತರಕ್ಕೆ ನಲವತ್ತೈದು ಮೈಲಿ. ಹುಡುಗನ ಮಾತು ಉದ್ಧಟತನ ಎಂದುಕೊಂಡ. ಮಾರ್ಗನ್ ಹಿಲ್ ಬರುವವರೆಗೆ ಹಾಗೆಂದುಕೊಂಡೇ ಕಾರು ಓಡಿಸಿದ. ಆಮೇಲೆ ನಾಲಗೆ ತನ್ನಷ್ಟಕ್ಕೆ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿತು. ಮುಂದಿನೆರಡು ಕ್ಯಾಪ್ ಹಾಕಿಸಿದವು. ಅವುಗಳಿಂದ ಯಾವುದನ್ನೂ ನೇರವಾಗಿ ಕಚ್ಚಕೂಡದೆಂದು ಡೆಂಟಿಸ್ಟು ಹೇಳಿದ್ದಳು. ಸೇಬನ್ನೂ ಹೆಚ್ಚಿಕೊಂಡೇ ತಿನ್ನುತ್ತಿದ್ದ. ತನ್ನ ಹಲ್ಲಿನ ಗುರುತು ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಉಂಡೆದ್ದ ಜಾಗವನ್ನೆಲ್ಲ ಒರೆಸುತ್ತಾ ಬಂದಿದ್ದಾನೆ: ಹುಟ್ಟಿದ ಊರು, ಓದಿದ ಹಾಸ್ಟೆಲು, ಮೂರು ಬಾಡಿಗೆ ಅಪಾರ್ಟ್‌ಮೆಂಟುಗಳು. ಪ್ರತಿ ಸಲವೂ ಮನೆಯೊಡೆಯ ಇಷ್ಟು ಶುಚಿಯಾಗಿ ಬಿಟ್ಟುಹೋದವರು ಇನ್ನಿಲ್ಲ ಎಂದು ಹೊಗಳಿದ್ದ. ಎಲ್ಲಿಯೂ ಯಾರೂ ಇವನ ಎಂಜಲನ್ನು ಕಾಯುತ್ತಿಲ್ಲ. ಹಿಂದೂಗಳ ಸರಾಯ್ ಇದ್ದ ಆ ಬೋಳು ಜಾಗ ಕಣ್ಣಿಗೆ ಕಟ್ಟಿತು, ಎಷ್ಟು ಶುಚಿಯಾಗಿತ್ತು.

ಮೌಂಟನ್ ವ್ಯೂನ ಸಭಾಂಗಣ ತುಂಬಿತ್ತು. ಬಾಗಿಲಲ್ಲಿ ಕೋಡುಬಳೆ, ಕಾಫಿ. ಅಂದಿನ ಬುಖಾರಾ ಇಂದಿನ ಸಿಲಿಕಾನ್ ವ್ಯಾಲಿ ಎಂದದ್ದಕ್ಕೆ ಎಣಿಸಿದ್ದಷ್ಟೇ ಚಪ್ಪಾಳೆ ಬಿತ್ತು. ಗುಮ್ಮಟಗಳು, ಒಂಟೆಗಳು, ಕುಕ್ಕರಿನ ಕತೆ, ನಗು. ಮತ್ಲೂಬಾಳ ಕೋಣೆಯ ಚಿತ್ರ ಬಂತು: ಅಲ್ಲಿಯ ಬಣ್ಣದ ನಿಲುವಂಗಿ ತೊಟ್ಟು ಶೈಲಜಾ ನಿಂತಿದ್ದಾಳೆ. "ಏನ್ ಮಹಾರಾಣಿ ಥರ ಇದೀರಾ ಶೈಲಜಾ!" ಎಂದು ಹೇಮಶ್ರೀ ಕೂಗಿದಳು. ಚಿತ್ರದ ಶೈಲಜಾಳ ಭುಜದ ಹಿಂದೆ, ಪರದೆಯ ಮೇಲೆ ಆಳೆತ್ತರಕ್ಕೆ, ಆ ಗೋಡೆ, ಆ ಮೊಳೆ, ಆ ರೊಟ್ಟಿ. ಕಚ್ಚಿದ ಗುರುತಿನ ಒಂದೊಂದು ಹಲ್ಲೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಮುಂದಿನ ಚಿತ್ರ ಕಣ್ಣೀರಿನದು. ಚಿತ್ರ ಬದಲಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಆನಂದತೀರ್ಥ ಹೇಳಿಬಿಟ್ಟ. ಈ ರೊಟ್ಟಿ ಆಕೆಯ ಮಗನ ಎಂಜಲು, ಅವನು ಬರಲೆಂದು ಕಾದಿಟ್ಟದ್ದು; ಅದನ್ನು ನಾನು ಟಿಶ್ಯೂ ಸುತ್ತಿಕೊಂಡು ಹಿಡಿದು ಕಸದ ತೊಟ್ಟಿಗೆ ಎಸೆದೆ; ಆಕೆ ಅತ್ತದ್ದು ಅದಕ್ಕೆ, ನಾವು ಹೊರಟೆವೆಂದಲ್ಲ.

ಎಲ್ಲೋ ಹಿಂದಿನಿಂದ ಒಬ್ಬ ಕಿಸಕ್ಕೆಂದ. ಇಡೀ ಸಭಾಂಗಣ ನಗೆಯಲ್ಲಿ ಸಿಡಿಯಿತು. ಕುಕ್ಕರಿನ ಕತೆಗಿಂತ ದೊಡ್ಡ ನಗು. ಟಿಶ್ಯೂ! ಮುಂದಿನ ಸಾಲಿನಲ್ಲಿದ್ದ ಹಾಸನದ ಭದ್ರಮ್ಮ ಕಣ್ಣೊರೆಸಿಕೊಳ್ಳುತ್ತ, "ಒಳ್ಳೇದೇ ಮಾಡಿದ್ರಿ ಬಿಡಿ ಆನಂದತೀರ್ಥರೇ, ಎಂಜಲು ಯಾಕೆ ಮನೇಲಿ ಇಟ್ಕೋಬೇಕು!" ಎಂದರು. ಅದಕ್ಕೆ ಮತ್ತೊಮ್ಮೆ ನಗು. ಅವನು ಅವರೆಲ್ಲರ ತೆರೆದ ಬಾಯಿಗಳನ್ನು ನೋಡಿದ. ತಿರಸ್ಕರಿಸಲು ಒಳ್ಳೆಯ ಸಮಯ. ಆದರೆ ತಿರಸ್ಕಾರ ಬರಲಿಲ್ಲ, ಅಷ್ಟೂ ಬಾಯಿಗಳಲ್ಲಿ ತನ್ನದೂ ಒಂದಾಗಿತ್ತು. ಶೈಲಜಾ ಒಬ್ಬಳು ನಗುತ್ತಿರಲಿಲ್ಲ.

ಹೊರಗಿನ ಕಾರಿಡಾರಿನಲ್ಲಿ ಅವಳು ಎದುರಾದಳು. "ಹಾಳಾಯಿತಂತೆ ಅಂದಿದ್ರಿ," ಎಂದಳು. ಅವನ ಕೈಯಲ್ಲಿದ್ದ ಗಂಟನ್ನೂ ಮುಖವನ್ನೂ ನೋಡಿದಳು. "ಕಚ್ಚಿದ್ನಾ ಹುಡುಗ?"

"ಇಲ್ಲ."

ಗುರುಕಿರಣ್ ಕೋಡುಬಳೆ ಅಗಿಯುತ್ತ ಓಡಿಬಂದ. "ಸೂಪರ್ ಕಾಮಿಡಿ ಸಾರ್! ಆದ್ರೆ ಆ ಕಣ್ಣೀರಿನ ಫೋಟೋ ಸುದ್ದಿ ಗ್ರೂಪಲ್ಲಿ ಎತ್ಬೇಡಿ, ಹಂಗೇ ಇರ್ಲಿ. ಎಲ್ಲಿ, ಪಾರ್ಸೆಲ್ ಕೊಡಿ, ಈಗ್ಲೇ ಪ್ಯಾಕ್ ಮಾಡ್ಕತೀನಿ."

ಆನಂದತೀರ್ಥ ಅಲ್ಲಿಯೇ ನಿಂತು ಗಂಟು ಬಿಚ್ಚಿದ. ರೊಟ್ಟಿ ಪೂರಾ ಮೆತ್ತಗಾಗಿತ್ತು. ಕೈ ತೊಳೆಯಬೇಕು ಎಂಬ ಮಾತು ಮನಸ್ಸಿಗೆ ಬಂತು, ಹೋಯಿತು. ಎರಡು ಕೈಯಲ್ಲಿ ಎತ್ತಿ, ಡೆಂಟಿಸ್ಟು ಬೇಡವೆಂದ ಮುಂದಿನ ಹಲ್ಲುಗಳಿಂದಲೇ ಅಂಚನ್ನು ಕಚ್ಚಿ ಎಳೆದ. ಒಳಗೆ ಇನ್ನೂ ತಣ್ಣಗಿತ್ತು; ವಸಡು ಚುಮ್ಮೆಂದಿತು. ಸಪ್ಪೆ, ಸ್ವಲ್ಪ ಉಪ್ಪು, ಎಳ್ಳು, ಹೊಗೆ. ಆ ಊರಿನ ಮೊದಲ ತುತ್ತು.

"ಸಾರ್! ಏನ್ ಸಾರ್, ಕಳಿಸೋದನ್ನೇ ತಿಂತಿದೀರಲ್ಲಾ? ಆಯಮ್ಮ ಕೇಳಿದ್ರೆ ಯಾರು ಕಚ್ಚಿದ್ದು ಅನ್ಲಿ?"

"ಎಸೆದವನು ಅನ್ನು," ಎಂದ ಆನಂದತೀರ್ಥ. ಮಾತು ರೊಟ್ಟಿಯ ನಡುವೆ ತೊದಲಿತು. "ಮಗ ಕಚ್ಚಲಿಲ್ಲ ಅಂತಲೂ ಹೇಳು. ತೂಗುಹಾಕೋದೋ ಬಿಸಾಡೋದೋ, ಅವರಿಷ್ಟ."

ಶೈಲಜಾ ಅವನ ಕೈಯಿಂದ ರೊಟ್ಟಿಯನ್ನು ತೆಗೆದುಕೊಂಡಳು. ಬರಿಗೈಯಲ್ಲೇ. ಎಂಜಲು ತಾಗಿದ ಆ ಅಂಚು ಒಳಗಾಗುವಂತೆ ಬಟ್ಟೆ ಸುತ್ತಿ, ಗಂಟು ಹಾಕಿ, ಗುರುಕಿರಣನ ಕೈಗಿಟ್ಟಳು.

ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಏನೋ ಹೊಳೆದವನಂತೆ ಫೋನು ತೆಗೆದ. "ಹಂಗಾದ್ರೆ ಲೆಕ್ಕದ ಪ್ರಕಾರ ನೀವು ವಾಪಸ್ ಹೋಗಿ ಇದನ್ನ ಪೂರ್ತಿ ತಿನ್ಲೇಬೇಕಲ್ಲಾ ಸಾರ್? ಮೂರನೇ ಬ್ಯಾಚಿಗೆ ಹೆಸರು ಬರ್ಕೊಳ್ಳಾ? ಕುಕ್ಕರ್ ನಾವೇ ತರ್ತೀವಿ."

ಆನಂದತೀರ್ಥನ ಬಾಯಿ ತುಂಬಿತ್ತು. ಉಗುಳುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಕುಕ್ಕರ್ ಬೇಡವೆಂದು ಕೈಯಾಡಿಸಿ, ಹೆಸರು ಬರೆದುಕೊಳ್ಳೆಂದು ತಲೆಯಾಡಿಸಿದ.